ಸವತಿ ಬಿಲ್ಲೆ

ನಮ್ಮವ್ವನ ಕೊರಳಲ್ಲಿ ತಾಳಿಯ ಪಕ್ಕ ಒಂದು ಬಿಲ್ಲೆ ಇತ್ತು. ಸುತ್ತ ಚಿನ್ನದ ಕಟ್ಟು, ನಡುವೆ ನಾಲ್ಕಾಣೆಯಷ್ಟು ಅಗಲದ ಬೆಳ್ಳಿ, ಬೆಳ್ಳಿಯ ಮೇಲೆ ಒಂದು ಮುಖ. ಪಕ್ಕಕ್ಕೆ ತಿರುಗಿದ ಮುಖ. ನೀಳ ಮೂಗು, ದಪ್ಪ ಕತ್ತು, ತಲೆಯ ಸುತ್ತ ಎಲೆಯ ದಂಡೆ. ಅದು ಎರಡು ಸಾವಿರ ವರ್ಷದ ಹಿಂದೆ ರೋಮ್ ದೇಶವನ್ನು ಆಳಿದ ಒಬ್ಬ ದೊರೆಯ ಮುಖ ಅಂತ ನನಗೆ ಗೊತ್ತಾದದ್ದು ನನ್ನ ಮಕ್ಕಳ ಮದುವೆಗಳಾದ ಮೇಲೆ, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಅದೇ ಮೂಗು, ಅದೇ ಎಲೆದಂಡೆ ಕಂಡು ಕಾಲು ಕಿತ್ತಿಡಲಾರದೆ ನಿಂತಾಗ. ಯಶವಂತಪುರದ ಆಸುಪಾಸಿನ ನೆಲದಲ್ಲಿ ಇಂಥ ಬೆಳ್ಳಿ ನಾಣ್ಯಗಳು ಗಡಿಗೆಗಟ್ಟಲೆ ಸಿಕ್ಕಿದ್ದವಂತೆ. ಆದರೆ ನನ್ನ ಎಳೆತನದಲ್ಲಿ ಅದು ಯಾವ ದೊರೆಯೂ ಅಲ್ಲ. ಅದು ನನ್ನ ದೊಡ್ಡವ್ವ ಪಿಳ್ಳಮ್ಮ. ಅಪ್ಪನ ಮೊದಲ ಹೆಂಡತಿ, ನಾನು ಹುಟ್ಟುವ ಮೊದಲೇ ಸತ್ತವಳು.

ನಮ್ಮ ಕಡೆ ಮೊದಲ ಹೆಂಡತಿ ಸತ್ತು ಗಂಡಸು ಎರಡನೆಯವಳನ್ನು ತಂದರೆ, ಬಂದವಳು ಹೋದವಳ ಗುರುತಿಗೆ ಒಂದು ಬಿಲ್ಲೆ ಕಟ್ಟಿಕೊಳ್ಳಬೇಕು. ಸತ್ತವಳಿಗೆ ಸಿಟ್ಟು ಬರದಿರಲಿ, ಹೊಸಬಳ ಮಕ್ಕಳನ್ನು ಕಾಡದಿರಲಿ ಅಂತ. ಸಾಮಾನ್ಯವಾಗಿ ಅಕ್ಕಸಾಲಿಗ ಒಂದು ಸಣ್ಣ ತಗಡಿನ ಮೇಲೆ ಹೆಣ್ಣಿನ ಮುಖ ಕೆತ್ತಿಕೊಡುತ್ತಾನೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಯುದ್ಧದ ಕಾಲದಲ್ಲಿ ಜಾಲಹಳ್ಳಿ ಕಡೆ ಮಿಲಿಟರಿಯವರು ನೆಲ ಅಗೆಸುವಾಗ ನಮ್ಮ ತಾತ ಗಾಡಿ ಹೂಡಿಕೊಂಡು ಮಣ್ಣು ಹೊಡೆಯಲು ಹೋಗಿದ್ದರಂತೆ. ಆ ಮಣ್ಣಿನಲ್ಲಿ ಸಿಕ್ಕ ನಾಣ್ಯವನ್ನು ಎಲೆಯಡಿಕೆಯ ಜೊತೆ ಕೆನ್ನೆಯಲ್ಲಿ ಒತ್ತಿಕೊಂಡು ತಂದರು ಅಂತ ಅಜ್ಜಿ ಹೇಳುತ್ತಿದ್ದಳು. ಬೆಳ್ಳಿಯಲ್ಲೇ ಮುಖ ಇದ್ದಮೇಲೆ ಕೆತ್ತಿಸುವುದು ಯಾಕೆ ಅಂತ ಅಜ್ಜಿಯೇ ಅದಕ್ಕೆ ಚಿನ್ನ ಕಟ್ಟಿಸಿದ್ದಳು. ಅವ್ವನ ತವರಿನವರು ಬ್ಯಾಟರಾಯನಪುರದಿಂದ ಸಂಬಂಧ ಮಾತಾಡಲು ಬಂದಾಗ, ಪಿಳ್ಳಮ್ಮ ತೌರಿಗೆ ಹೋದಲ್ಲಿ ವಾಂತಿಭೇದಿಗೆ ಸಿಕ್ಕಿ ಹೋದಳು ಅಂತ ಹೇಳಿ, ಈ ಬಿಲ್ಲೆಯನ್ನು ಅರಿಸಿನದ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಿದ್ದಳು. ಅದನ್ನು ನೋಡಿದಮೇಲೆ ಅವ್ವನ ಅಪ್ಪ ಒಪ್ಪಿಕೊಂಡರು.

ಶೆಟ್ಟಿಹಳ್ಳಿಯಲ್ಲಿ ನಮ್ಮದು ನಾಡಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಒಂದು ಬದಿಗೆ ದನ, ಇನ್ನೊಂದು ಬದಿಗೆ ನಾವು. ನಡುವೆ ಮೊಣಕಾಲೆತ್ತರದ ಗೋಡೆ. ದನಗಳ ಉಸಿರು ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹಿಂದೆ ಅಪ್ಪನ ದ್ರಾಕ್ಷಿ ತೋಟ. ಅಡುಗೆಮನೆಯ ಕತ್ತಲಲ್ಲಿ ಒಲೆಯ ಬೆಂಕಿ ಅವ್ವನ ಕೊರಳಿಗೆ ಹೊಡೆದಾಗ ಆ ಬೆಳ್ಳಿಯ ಮುಖ ಕೆಂಪಗಾಗುತ್ತಿತ್ತು. ನಾನು ಸುಳ್ಳು ಹೇಳಿದರೆ ಅಜ್ಜಿ ಅದರ ಕಡೆ ಬೆರಳು ತೋರಿಸುತ್ತಿದ್ದಳು.

“ನೋಡು, ನಿನ್ನ ದೊಡ್ಡವ್ವ ನೋಡ್ತಾವ್ಳೆ. ಅವಳಿಗೆ ಸುಳ್ಳು ಅಂದ್ರೆ ಆಗಾಕಿಲ್ಲ.”

ಅವ್ವನಿಗೆ ಆ ಬಿಲ್ಲೆಯ ಮೇಲೆ ಭಯವಿತ್ತು. ನನಗಿಂತ ಮೊದಲು ಹುಟ್ಟಿದ ಗಂಡುಕೂಸು ಆರು ತಿಂಗಳಿಗೇ ಹೋಗಿತ್ತು. ಅದನ್ನು ಪಿಳ್ಳಮ್ಮನೇ ಕರೆದುಕೊಂಡಳು ಅಂತ ಅಜ್ಜಿ ಅಂದಿದ್ದಳು. ಆಮೇಲಿಂದ ಅವ್ವ ಹೊಸ ಸೀರೆ ಉಟ್ಟರೆ ಮೊದಲು ಸೆರಗಿನ ಅಂಚನ್ನು ಬಿಲ್ಲೆಗೆ ತಾಗಿಸಿ, ‘ಅಕ್ಕ, ನೀನು ಉಟ್ಟಂಗೆ’ ಅಂತ ಗೊಣಗಿ ಆಮೇಲೆ ಹೊದೆಯುತ್ತಿದ್ದಳು. ಊಟದ ಮೊದಲ ತುತ್ತು ಮುಟ್ಟಿಸುತ್ತಿದ್ದಳು. ನನಗೆ ಜ್ವರ ಬಂದರೆ ಬಿಲ್ಲೆ ತೊಳೆದ ನೀರು ಕುಡಿಸುತ್ತಿದ್ದಳು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಪಿಳ್ಳಮ್ಮನಿಗೇ ಬೇರೆ ಎಲೆ, ಬೇರೆ ಸೀರೆ, ಹಸಿರು ಬಳೆ. ಅವಳಿಗೆ ಕಜ್ಜಾಯ ಅಂದರೆ ಪ್ರಾಣ ಅನ್ನುತ್ತಿದ್ದಳು ಅಜ್ಜಿ. ಅವಳಿಗೆ ದಂಟಿನ ಸೊಪ್ಪು ಇಷ್ಟ ಅನ್ನುತ್ತಿದ್ದರು ಅಪ್ಪ. ಮಾತು ಕಮ್ಮಿಯ ನಮ್ಮಪ್ಪ ವರ್ಷಕ್ಕೊಮ್ಮೆ ಅವಳ ಬಗ್ಗೆ ಆಡುತ್ತಿದ್ದ ಮಾತು ಅದೊಂದೇ. ಹಬ್ಬದ ಸಾಮಾನಿಗೆ ಯಶವಂತಪುರದ ಸಂತೆಗೆ ಅವರೊಬ್ಬರೇ ಹೋಗಿ ಬರುತ್ತಿದ್ದರು. ಯಾರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ತೋಟದಲ್ಲಿ ಗುದ್ದಲಿ ಅಪ್ಪನ ಪಾದಕ್ಕೆ ಬಿತ್ತು. ಗಾಯ ಕೀವಾಗಿ ನೆಲಕ್ಕೆ ಕಾಲೂರುವಂತಿರಲಿಲ್ಲ. ಪಿತೃಪಕ್ಷ ಹತ್ತಿರ ಬಂದಿತ್ತು. ಸಂತೆಗೆ ತಾನೇ ಹೋಗುತ್ತೇನೆ ಅಂದಳು ಅವ್ವ. ಅಪ್ಪ ಬೇಡ ಅಂದರು. ಸಾಮಾನು ಇಲ್ಲೇ ಯಾರ ಹತ್ತಿರವಾದರೂ ತರಿಸೋಣ, ಈ ಸಲ ಎಡೆ ಇಡದಿದ್ದರೂ ಆದೀತು ಅಂದರು. ಹಾಗೆ ಅವರು ಯಾವತ್ತೂ ಅಂದವರಲ್ಲ. ಅವ್ವ ಬಿಲ್ಲೆ ಮುಟ್ಟಿಕೊಂಡು, ಅಂಥ ಮಾತಾಡಬೇಡಿ ಅಂದಳು. ಎದುರು ಮನೆಯ ಕೆಂಪಕ್ಕನ ಗಂಡ ಗಾಡಿ ಕಟ್ಟಿದ್ದರು. ಅವ್ವ ನನ್ನನ್ನೂ ಹತ್ತಿಸಿಕೊಂಡು ಹೊರಟಳು.

ಕೆಂಪಕ್ಕನ ಗಂಡ ನಮ್ಮನ್ನು ಇಳಿಸಿ ದನದ ಸಂತೆಯ ಕಡೆ ಹೋದರು. ಸಂತೆಯಲ್ಲಿ ಸೊಪ್ಪಿನವರು ಸಾಲಾಗಿ ಗೋಣಿತಾಟು ಹಾಸಿಕೊಂಡು ಕೂತಿದ್ದರು. ದಂಟು ಚೆನ್ನಾಗಿ ಕಂಡದ್ದು ಒಬ್ಬ ಹೆಂಗಸಿನ ಮುಂದೆ. ತೆಳ್ಳಗೆ, ಕಪ್ಪಗೆ, ಹಣೆಯಲ್ಲಿ ದೊಡ್ಡ ಕುಂಕುಮ. ಅವ್ವನಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬಹುದು. ಅವ್ವ ಬಗ್ಗಿ ಕಟ್ಟು ಆರಿಸುವಾಗ ಬಿಲ್ಲೆ ಸೆರಗಿನಿಂದ ಜಾರಿ ಹೊರಗೆ ತೂಗಿತು. ಆ ಹೆಂಗಸು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವಳು ಕೈ ಚಾಚಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಯಾರೂ ಮುಟ್ಟಬಾರದ ವಸ್ತು. ಅವ್ವ ಹಿಂದೆ ಸರಿಯಬೇಕೆಂದರೂ ಆಗಲಿಲ್ಲ, ಸರ ಅವಳ ಕೈಯಲ್ಲಿತ್ತು.

“ಈ ದುಡ್ಡು ನಿನಗೆಲ್ಲಿ ಸಿಕ್ತು ತಾಯಿ?”

“ದುಡ್ಡಲ್ಲ ಅದು, ಬಿಡಿ. ನನ್ನ ಸವತಿ ಬಿಲ್ಲೆ.”

“ದುಡ್ಡೇ ಇದು. ನಮ್ಮ ಮಾವ ಮಣ್ಣಿನ ಗಾಡೀಲಿ ತಂದಿದ್ದು. ಕಪ್ಪಗಿತ್ತು. ಉಣಸೆಹಣ್ಣು ಆಕಿ ಉಜ್ಜಿ ಬೆಳ್ಳಗೆ ಮಾಡಿದ್ದು ನಾನು. ಇಲ್ಲಿ ಕಿವಿ ಹತ್ರ ಒಂದು ಗೀರು ಐತಲ್ಲ, ಅದು ನನ್ನ ಕೈಯಾಗೆ ಆಗಿದ್ದು.”

ಆ ಗೀರು ನನಗೂ ಗೊತ್ತಿತ್ತು. ಅದು ಪಿಳ್ಳಮ್ಮನ ಓಲೆ ಅಂತ ನಾನು ಅಂದುಕೊಂಡಿದ್ದೆ.

“ಯಾವೂರು ನಿಂದು?” ಆ ಹೆಂಗಸು ಕೇಳಿದಳು.

“ಶೆಟ್ಟಿಹಳ್ಳಿ.”

“ಮುನಿಯಪ್ಪೋರ ಎಂಡ್ತಿನಾ?”

ಅಪ್ಪನ ಹೆಸರು ಕೇಳಿ ಅವ್ವ ಹೌದು ಅಂತ ತಲೆಯಾಡಿಸಿದಳು. ಹೆಂಗಸು ಬಿಲ್ಲೆಯನ್ನು ಮೆಲ್ಲಗೆ ಅವ್ವನ ಎದೆಯ ಮೇಲೆ ಬಿಟ್ಟಳು.

“ಸವತಿ ಬಿಲ್ಲೆ ಅಂದ್ಯಲ್ಲ. ಯಾವ ಸವತಿ?”

“ಪಿಳ್ಳಮ್ಮ ಅಂತ. ತೌರಿಗೆ ಓಗಿದ್ದಾಗ ವಾಂತಿಭೇದಿ ಆಗಿ…” ಅಷ್ಟಕ್ಕೆ ಅವ್ವನ ಮಾತು ನಿಂತಿತು. ಅವಳಿಗೆ ತಿಳಿದುಹೋಗಿತ್ತು ಅಂತ ಈಗ ಅನ್ನಿಸುತ್ತದೆ.

“ಅವರು ಇನ್ನೊಂದು ಮದುವೆ ಆದ್ರು ಅಂತ ನಂಗೆ ಗೊತ್ತು,” ಅಂದಳು ಆ ಹೆಂಗಸು. “ನಾನು ಸತ್ತೆ ಅಂತ ಗೊತ್ತಿರ್ಲಿಲ್ಲ.”

ಅವಳ ದನಿ ಏರಲಿಲ್ಲ. ಪಕ್ಕದ ಸೊಪ್ಪಿನವಳು ತಿರುಗಿ ಕೂಡ ನೋಡಲಿಲ್ಲ. ದೆವ್ವಕ್ಕೆ ಪಾದ ಹಿಂದುಮುಂದು ಇರುತ್ತದೆ ಅಂತ ಕೇಳಿದ್ದೆ. ಅವಳು ಚಕ್ಕಂಬಕ್ಕಳ ಹಾಕಿ ಕೂತಿದ್ದಳು, ಪಾದ ಕಾಣುತ್ತಿರಲಿಲ್ಲ. ಬಗ್ಗಿ ನೋಡಿದೆ. ಬಿರುಕು ಬಿಟ್ಟ, ಕೆಸರು ಮೆತ್ತಿದ, ಎಲ್ಲರಂತೆ ಮುಂದಕ್ಕೇ ಇದ್ದ ಪಾದ. ಅದನ್ನು ಕಂಡಮೇಲೆ ನನಗೆ ಇನ್ನೂ ಹೆದರಿಕೆಯಾಯಿತು. ದೆವ್ವವಾಗಿದ್ದರೆ ಅಜ್ಜಿ ಹೇಳಿದ್ದೆಲ್ಲ ನಿಜವಾಗಿ ಉಳಿಯುತ್ತಿತ್ತು.

ಅವ್ವ ಗೋಣಿತಾಟಿನ ಪಕ್ಕ ಕುಕ್ಕರಿಸಿದಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ನನಗೆ ಅರ್ಥವಾದದ್ದು ಇಷ್ಟು. ಮದುವೆಯಾಗಿ ಕೆಲವು ವರ್ಷವಾದರೂ ಪಿಳ್ಳಮ್ಮನಿಗೆ ಮಕ್ಕಳಾಗಿರಲಿಲ್ಲ. ಒಂದು ದಿನ ಅಜ್ಜಿ, ನಿನ್ನ ಅಮ್ಮನಿಗೆ ಹುಷಾರಿಲ್ಲವಂತೆ ಅಂತ ಹೇಳಿ ಹೊಸೂರು ಕಡೆಯ ತೌರಿಗೆ ಕಳಿಸಿದಳು. ಅಮ್ಮ ಗಟ್ಟಿಮುಟ್ಟಾಗಿದ್ದಳು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಹೆತ್ತವರು ಹೋದಮೇಲೆ ಅಣ್ಣನ ಹೆಂಡತಿಯ ಜೊತೆ ಇರಲಾಗದೆ ಯಶವಂತಪುರದ ಚಿಕ್ಕಮ್ಮನ ಹತ್ತಿರ ಬಂದು ಸೊಪ್ಪಿಗೆ ಕೂತಳು. ನಮ್ಮೂರಿಂದ ಗಾಡಿಯಲ್ಲಿ ಒಂದೆರಡು ಗಂಟೆಯ ದಾರಿ.

ಗಾಡಿಯಲ್ಲಿ ಬರುವಾಗ ಅವ್ವ ನನ್ನ ಮೊಣಕಾಲು ಅದುಮಿ, “ಯಾರಿಗೂ ಏಳ್ಬೇಡ” ಅಂದಳು. ನಾನು ಹೇಳಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ಅವ್ವ ಮೊದಲ ತುತ್ತನ್ನು ಬಿಲ್ಲೆಗೆ ಮುಟ್ಟಿಸದೆ ನೇರವಾಗಿ ಬಾಯಿಗಿಟ್ಟಳು. ಅಜ್ಜಿ ಗಮನಿಸಲಿಲ್ಲ. ನಾನು ಗಮನಿಸಿದೆ, ಅಪ್ಪನೂ ಗಮನಿಸಿದರು. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು, ಮುದ್ದೆ ಅರ್ಧ ಹಾಗೇ ಇತ್ತು.

ಎಡೆ ಇಡುವ ದಿನ ಅವ್ವ ಎಂದಿನಂತೆಯೇ ತಲೆಗೆ ನೀರು ಹಾಕಿಕೊಂಡು ಅಡುಗೆ ಮಾಡಿದಳು. ಕೋಳಿಸಾರು, ದಂಟಿನ ಪಲ್ಯ, ಕಜ್ಜಾಯ. ನಡುಮನೆಯಲ್ಲಿ ಅಜ್ಜಿ ಎಲೆಗಳನ್ನು ಹಾಸಿ, ಪಿಳ್ಳಮ್ಮನ ಎಲೆಯ ಮುಂದೆ ಸೀರೆ, ಬಳೆ ಜೋಡಿಸಿ, ಕೈ ಚಾಚಿದಳು.

“ಬಿಲ್ಲೆ ಕೊಡವ್ವ, ದೀಪದ ಮುಂದೆ ಇಡಾನ.”

“ಅವರ ಎಡೆ ಬ್ಯಾಡ ಅತ್ತೆ,” ಅಂದಳು ಅವ್ವ.

“ಯಾಕೆ, ಏನಾತು?”

“ಅವರೇ ಉಣ್ಣಾಕೆ ಬತ್ತಾವ್ರೆ.”

ಅಜ್ಜಿಗೆ ಆ ಮಾತು ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಬಾಗಿಲ ಬೆಳಕು ಅಡ್ಡವಾಯಿತು. ಪಿಳ್ಳಮ್ಮ ಹೊಸ್ತಿಲಾಚೆ ನಿಂತಿದ್ದಳು. ಮಡಿಸಿಟ್ಟಿದ್ದ ಸೀರೆಯನ್ನು ಉಟ್ಟಿದ್ದಳು, ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಕೈಯಲ್ಲಿ ಒಂದು ಕಟ್ಟು ಸೊಪ್ಪು, ಬರಿಗೈಲಿ ಬರಬಾರದು ಅಂತಲೋ ಏನೋ. ಅಜ್ಜಿ ದಿಟ್ಟಿಸಿದಳು. ಎಡೆಯ ಮುಂದೆ ಉರಿಯುತ್ತಿದ್ದ ದೀಪವನ್ನೂ ಬಾಗಿಲಲ್ಲಿದ್ದವಳನ್ನೂ ಮತ್ತೆ ಮತ್ತೆ ನೋಡಿದಳು. ಅವಳ ಕೈ ಗೋಡೆ ಹುಡುಕಿತು, ಗೋಡೆ ಸಿಗದೆ ಅಲ್ಲೇ ಕುಸಿದು ಕೂತಳು. ಅವಳು ಕೂತ ರಭಸಕ್ಕೆ ಕಜ್ಜಾಯದ ತಟ್ಟೆ ಉರುಳಿ ದನಗಳ ಕಡೆ ಹೋಯಿತು. ಯಾರೂ ಹಿಡಿಯಲು ಹೋಗಲಿಲ್ಲ.

“ಯಾರು ನೀನು?” ಅಂದಳು ಅಜ್ಜಿ.

“ನಿಮಗೆ ಗೊತ್ತು ಅತ್ತೆ.”

ಹಿತ್ತಲ ಬಾಗಿಲಿಂದ ಅಪ್ಪ ಕೋಲೂರಿಕೊಂಡು ಬಂದರು. ಪಿಳ್ಳಮ್ಮನನ್ನು ಕಂಡು ಅವರು ಬೆಚ್ಚಲಿಲ್ಲ. ನಾನು ಅವರ ಮುಖವನ್ನೇ ನೋಡಿದೆ. ಸತ್ತ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ, ನಮ್ಮಪ್ಪ ಬೆಚ್ಚುತ್ತಿಲ್ಲ. ತಲೆ ತಗ್ಗಿಸಿ ನಿಂತಿದ್ದಾರೆ.

“ನಿಮಗೆ ಗೊತ್ತಿತ್ತಾ?” ಅವ್ವ ಕೇಳಿದಳು.

ಅಪ್ಪ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

“ನನ್ನ ಕೂಸನ್ನ ಇವಳೇ ತಗೊಂಡೋದ್ಲು ಅಂತ ನಾನು ಅಳ್ತಾ ಇದ್ದಾಗ ಗೊತ್ತಿತ್ತಾ ಅಂತ ಕೇಳ್ತಾ ಇವ್ನಿ.”

“ಗೊತ್ತಿತ್ತು,” ಅಂದರು ಅಪ್ಪ. “ದಂಟಿನ ಸೊಪ್ಪು ಅವಳತ್ರಾನೇ ತತ್ತಿದ್ದೆ.”

ಎಷ್ಟು ವರ್ಷ ನಾವು ಸತ್ತವಳಿಗೆ ಅಂತ ಎಡೆಯಲ್ಲಿಟ್ಟ ಸೊಪ್ಪು ಅವಳ ಕೈಯಿಂದಲೇ ಬಂದದ್ದು. ಅಪ್ಪ ಅವಳ ಮುಂದೆ ನಿಂತು, ಸೊಪ್ಪು ತೆಗೆದುಕೊಂಡು, ಮಾತಾಡದೆ ಬರುತ್ತಿದ್ದರು. ಮನೆಗೆ ಬಂದು ಅವಳ ಹೆಸರಿನ ದೀಪಕ್ಕೆ ಕೈ ಮುಗಿಯುತ್ತಿದ್ದರು. ಅವಳೂ ಮಾತಾಡಿಸುತ್ತಿರಲಿಲ್ಲವಂತೆ. ಹೊಸ ಸಂಸಾರ ಇದೆ, ನಾಚಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದಳಂತೆ. ಕಟ್ಟು ಮಾತ್ರ ದೊಡ್ಡದು ನೋಡಿ ಕೊಡುತ್ತಿದ್ದಳಂತೆ.

ಅಜ್ಜಿ ನೆಲದ ಮೇಲಿಂದಲೇ ಮಾತಾಡಿದಳು. ಅವಳ ದನಿಯಲ್ಲಿ ತಪ್ಪು ಮಾಡಿದ ಅಳುಕು ಇರಲಿಲ್ಲ, ದಣಿವಿತ್ತು.

“ಬದುಕಿರೋಳ ಮ್ಯಾಲೆ ಯಾರು ಎಣ್ಣು ಕೊಡ್ತಾರೆ? ಮನೆ ನಡೀಬೇಕಾಗಿತ್ತು.”

“ಕಳಿಸಿದ್ದಕ್ಕೆ ನಾನೇನೂ ಅನ್ನಲ್ಲ,” ಅಂದಳು ಪಿಳ್ಳಮ್ಮ. “ಮಕ್ಕಳಾಗದೋಳನ್ನ ಎಷ್ಟೋ ಜನ ಕಳಿಸ್ತಾರೆ. ಆದ್ರೆ ಇವಳ ಕೂಸು ಸತ್ತಿದ್ದನ್ನ ನನ್ನ ತಲೆಗೆ ಯಾಕೆ ಕಟ್ಟಿದ್ರಿ? ಕೂಸು ಅಂದ್ರೆ ನಾನು ಎಂಗೆ ಸಾಯ್ತಿದ್ದೆ ಅಂತ ನೀವು ಕಂಡಿಲ್ವಾ?”

ಅವ್ವ ಹೊಸ ಎಲೆ ತಂದು ಎಡೆಯಿಂದ ದೂರ, ಕಿಟಕಿಯ ಬೆಳಕಿದ್ದ ಕಡೆ ಹಾಕಿ, ಮಣೆ ಕೊಟ್ಟು ಬಡಿಸಿದಳು. ಪಿಳ್ಳಮ್ಮ ಉಂಡಳು. ಅವಳು ಜಗಿಯುವುದನ್ನೂ ನುಂಗುವುದನ್ನೂ ನಾನು ಕಣ್ಣು ಕೀಳದೆ ನೋಡಿದೆ. ಕಜ್ಜಾಯ ಬಡಿಸಲು ಹೋದಾಗ ಕೈ ಅಡ್ಡ ಹಿಡಿದು, ನನಗೆ ಅದು ಸೇರುವುದಿಲ್ಲ, ಅದು ಅತ್ತೆಗೆ ಇಷ್ಟ ಅಂದಳು. ಊಟವಾದಮೇಲೆ ಅವ್ವ ಸರದಿಂದ ಬಿಲ್ಲೆ ಬಿಚ್ಚಿ ಅವಳ ಮುಂದೆ ಇಟ್ಟಳು. ಪಿಳ್ಳಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದಳು.

“ಇದು ಗಂಡಸಲ್ವೇನೆ? ಕತ್ತು ನೋಡು. ಇವನಿಗೆ ಇಷ್ಟು ವರ್ಸ ಸೀರೆ ಉಡ್ಸಿದ್ದೀರಲ್ಲ.”

ಅವಳು ನಕ್ಕಳು. ಅವ್ವನಿಗೆ ನಗು ಬರಲಿಲ್ಲ. ಚಿನ್ನವನ್ನಾದರೂ ಇಟ್ಟುಕೊಳ್ಳಿ ಅಕ್ಕ ಅಂದಳು. ಬೇಡ ಅಂದಳು ಪಿಳ್ಳಮ್ಮ. ಮತ್ತೆ ಅಪ್ಪನ ಕಡೆ ತಿರುಗಿದಳು. ಅವಳು ಕೇಳಿದ್ದು ಒಂದೇ.

“ಬೀದಿ ತುದಿವರ್ಗೂ ನನ್ ಜೊತೆ ನಡೀರಿ. ಊರೋರು ನೋಡ್ಲಿ. ಸತ್ತೋಳಾಗಿ ಈ ಊರು ಬಿಡಾಕೆ ನಂಗಾಗಲ್ಲ.”

ಅಪ್ಪ ಜಗಲಿಯವರೆಗೆ ಬಂದರು. ಮೆಟ್ಟಿಲ ಹತ್ತಿರ ನಿಂತು ಬೀದಿ ನೋಡಿದರು. ಎದುರು ಮನೆಯ ಕೆಂಪಕ್ಕ ಆಗಲೇ ಬಾಗಿಲಿಗೆ ಬಂದಿದ್ದಳು, ಬಾವಿಕಟ್ಟೆಯ ಹತ್ತಿರ ಗಂಡಸರಿದ್ದರು. ಅಪ್ಪ, ಕಾಲು ನೋಯ್ತದೆ ಅಂತ ಹೇಳಿ ಜಗಲಿಯ ಮೇಲೆ ಕೂತುಬಿಟ್ಟರು. ಕಾಲು ನಿಜವಾಗಿಯೂ ನೋಯುತ್ತಿತ್ತು. ಆದರೂ ಅದು ಕಾಲಿನ ಮಾತಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವ್ವ ಒಳಗೆ ಹೋಗಿ ಕೈ ಒರೆಸಿಕೊಂಡು ಬಂದು, ಪಿಳ್ಳಮ್ಮನ ಕೈ ಹಿಡಿದು, ಮೆಟ್ಟಿಲಿಳಿದಳು. ನಾನೂ ಹಿಂದೆ ಹೋದೆ. ಮದುವೆಯಾಗಿ ಬಂದಂದಿನಿಂದ ತಲೆಯ ಮೇಲೆ ಸೆರಗಿಲ್ಲದೆ ಆ ಬೀದಿಯಲ್ಲಿ ನಡೆಯದ ನಮ್ಮವ್ವನಿಗೆ ಅವತ್ತು ಸೆರಗು ಜಾರಿದ್ದೂ ಗೊತ್ತಿರಲಿಲ್ಲ.

ಮೊದಲು ಸಿಕ್ಕವಳು ಕೆಂಪಕ್ಕ. ಅವಳು ಪಿಳ್ಳಮ್ಮನ ಜೊತೆ ಒಟ್ಟಿಗೆ ನೀರಿಗೆ ಹೋಗುತ್ತಿದ್ದ ಗೆಳತಿ.

“ಇವರು ನಮ್ಮಕ್ಕ, ಪಿಳ್ಳಮ್ಮ. ಸತ್ತಿರ್ಲಿಲ್ಲ,” ಅಂದಳು ಅವ್ವ.

ಕೆಂಪಕ್ಕ ಕೈ ಎತ್ತಿ ಪಿಳ್ಳಮ್ಮನ ಕೆನ್ನೆ ಮುಟ್ಟಿ, ತಕ್ಷಣ ಕೈ ಹಿಂದೆಗೆದು, ಮತ್ತೆ ಮುಟ್ಟಿದಳು.

“ನಿನ್ನ ತಿಥಿ ಊಟ ಉಂಡೆ ಕಣೆ ನಾನು.”

“ಚೆನ್ನಾಗಿತ್ತಾ?”

“ಪಾಯಸಕ್ಕೆ ಬೆಲ್ಲ ಸಾಲ್ದಾಗಿತ್ತು,” ಅಂದಳು ಕೆಂಪಕ್ಕ, ಅಂದು ಅಳತೊಡಗಿದಳು.

ಹಾಗೆ ಮನೆ ಮನೆಯ ಮುಂದೆ ನಿಂತು ಅವ್ವ ಅದೇ ಮಾತು ಹೇಳಿದಳು. ಕೆಲವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ ಕೈ ಮುಗಿದ. ಬಾವಿಕಟ್ಟೆಯ ಗಂಡಸರು ಬೀಡಿ ಎಸೆದು ಎದ್ದು ನಿಂತರು. ಯಾರೂ ಏನೂ ಕೇಳಲಿಲ್ಲ. ಕೇಳಿದರೆ ನಮ್ಮ ಜಗಲಿಯ ಮೇಲೆ ಕೂತವರನ್ನು ಕೇಳಬೇಕಾಗಿತ್ತು. ಬೀದಿಯ ತುದಿಯಲ್ಲಿ ಬಸ್ಸಿಗೆ ಕಾಯುತ್ತ ಪಿಳ್ಳಮ್ಮ ಅವ್ವನ ಸೆರಗನ್ನು ಎತ್ತಿ ತಲೆಗೆ ಹೊದಿಸಿದಳು.

“ಆ ಮನೆಗೆ ನಾನು ಇನ್ ಬರಲ್ಲ ಕಣವ್ವ. ನೀನು ಬಾ. ಮಗೀನ ಕರ್ಕೊಂಡು ಬಾ.”

ನಾವು ಹೋಗುತ್ತಿದ್ದೆವು. ಯಶವಂತಪುರದಲ್ಲಿ ರೈಲಿನ ಸದ್ದು ಕೇಳುವ ಅವಳ ಒಂಟಿಕೋಣೆಯಲ್ಲಿ ನನ್ನ ಹೈಸ್ಕೂಲಿನ ಎಷ್ಟೋ ಭಾನುವಾರಗಳು ಕಳೆದವು. ಅವ್ವ ಅಪ್ಪನಿಗೆ ಅನ್ನ ನೀರು ತಪ್ಪಿಸಲಿಲ್ಲ, ಆದರೆ ಅವರು ಹೇಳಿದ ಯಾವ ಸುದ್ದಿಯನ್ನೂ ಬೇರೆ ಒಬ್ಬರನ್ನು ಕೇಳದೆ ನಂಬಲಿಲ್ಲ. ಸುಗ್ಗಿಯ ಧಾರಣೆಯಿಂದ ಹಿಡಿದು ನೆಂಟರ ಸಾವಿನವರೆಗೆ. ನನಗೂ ಆ ಅಭ್ಯಾಸ ಬಂತು. ಹಿರಿಯರು ಮಾತಾಡುವಾಗ ಮಾತಿಗಿಂತ ಮೊದಲು ಮುಖ ನೋಡುತ್ತೇನೆ. ಇದರಿಂದ ಜೀವನದಲ್ಲಿ ಲಾಭವೂ ಆಗಿದೆ, ಕೆಲವು ಒಳ್ಳೆಯ ಮನುಷ್ಯರಿಗೆ ನನ್ನಿಂದ ನೋವೂ ಆಗಿದೆ. ಚಿನ್ನದ ಕಟ್ಟನ್ನು ಅವ್ವ ನನ್ನ ಓಲೆಗೆ ಕರಗಿಸಿದಳು. ಬೆಳ್ಳಿ ನಾಣ್ಯ ರಾಗಿ ಗುಡಾಣದ ಹಿಂದಿನ ಗೂಡಿನಲ್ಲಿ ಬಿದ್ದಿದ್ದು, ಮನೆ ಪಾಲಾದಾಗ ನನ್ನ ಪೆಟ್ಟಿಗೆಗೆ ಬಂತು. ಅಜ್ಜಿ ಆಮೇಲೆ ಮೂರು ಮಳೆಗಾಲ ಬದುಕಿದ್ದಳು. ಪಿಳ್ಳಮ್ಮನ ಹೆಸರು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಆ ದಿನದ ಸಂಜೆಯನ್ನು ಹೇಳದೆ ಮುಗಿಸಿದರೆ ಅರ್ಧ ಹೇಳಿದಂತೆ. ದೀಪ ಹಚ್ಚುವ ಹೊತ್ತಾದರೂ ಅಪ್ಪ ಜಗಲಿಯಿಂದ ಎದ್ದಿರಲಿಲ್ಲ. ಊಟಕ್ಕೆ ಕರಿ ಅಂತ ಅವ್ವ ನನ್ನನ್ನು ಕಳಿಸಿದಳು. ಹೊಸ್ತಿಲ ಹತ್ತಿರ ನಿಂತೆ. ಎಂದಿನಂತೆ ಹೋಗಿ ಅವರ ಬೆನ್ನಿಗೆ ಒರಗಲು ಆಗಲಿಲ್ಲ. ಆ ಬೆನ್ನು ಬೇರೆ ಯಾರದೋ ಅನ್ನಿಸಿತು.

“ಬಸ್ ಸಿಕ್ತಾ ಅವಳಿಗೆ?” ಅಪ್ಪ ಬೀದಿ ನೋಡುತ್ತಲೇ ಕೇಳಿದರು.

“ಹೂಂ.”

“ನನ್ನ ಬಗ್ಗೆ ಏನಾದ್ರೂ ಅಂದ್ಲಾ?”

ನಾನು ಯೋಚಿಸಿದೆ. ಬೀದಿಯುದ್ದಕ್ಕೂ ಅವಳು ಆಡಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಕೆಂಪಕ್ಕನ ಮಕ್ಕಳನ್ನು ಕೇಳಿದ್ದಳು, ಬಾವಿಯ ನೀರನ್ನು ಕೇಳಿದ್ದಳು, ನನ್ನ ಕ್ಲಾಸು ಕೇಳಿದ್ದಳು.

“ಏನೂ ಅನ್ನಲಿಲ್ಲ,” ಅಂದೆ.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡರು. ಅವರ ಭುಜ ಅಲುಗುತ್ತಿತ್ತು, ಸದ್ದಿರಲಿಲ್ಲ. ನಾನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದೆ. ಆಮೇಲೆ ಒಳಗೆ ಹೋಗಿ, ಅಪ್ಪ ಆಮೇಲೆ ಬರ್ತಾರಂತೆ ಅಂತ ಅವ್ವನಿಗೆ ಹೇಳಿ, ನನ್ನ ತಟ್ಟೆಯ ಮುಂದೆ ಕೂತೆ.